ಹಿಮದ ಮೇಲೆ ಬರೆದ ಶಾಸನಗಳು

ಎರಡೂ ಪಾದಗಳನ್ನು ಅಗಲವಾದ ಒಂದೇ ಹಲಗೆಗೆ ಅಡ್ಡಲಾಗಿ ಬಿಗಿದುಕೊಂಡು, ಒಂದು ಭುಜವನ್ನು ಮುಂದುಮಾಡಿ, ಹಿಮ ತುಂಬಿದ ಇಳಿಜಾರಿನಲ್ಲಿ ಜಾರುತ್ತ ಇಳಿಯುವ ಆಟಕ್ಕೆ ಸ್ನೋಬೋರ್ಡಿಂಗ್ ಎಂದು ಹೆಸರು. ಕಾಲಿಗೊಂದರಂತೆ ಕಿರಿದಾದ ಎರಡು ಪಟ್ಟಿಗಳನ್ನು ಕಟ್ಟಿಕೊಂಡು, ಕೈಗಳಲ್ಲಿ ಊರುಗೋಲು ಹಿಡಿದು, ಎದುರುಮುಖವಾಗಿ ಇಳಿಯುವ ಸ್ಕೀಯಿಂಗ್‌ಗೆ ಸಾವಿರಾರು ವರ್ಷಗಳ ಹಿನ್ನೆಲೆಯಿದ್ದರೆ, ಸ್ನೋಬೋರ್ಡಿಂಗ್ ಇಂದಿನ ರೂಪದತ್ತ ಹೊರಟು ಅರವತ್ತು ವರ್ಷಗಳಷ್ಟೇ ಆಗಿವೆ. ಈ ಆಟ ಬೆಳೆದ ಕಾಲ ಮತ್ತು ಕೈಯಲ್ಲಿ ಹಿಡಿಯಬಲ್ಲ ಕ್ಯಾಮೆರಾ ಮನೆಮನೆಗೆ ಬಂದ ಕಾಲ ಒಂದೇ ಆಗಿದ್ದುದರಿಂದ, ಇದರ ಇತಿಹಾಸದ ಬಹುಪಾಲು ಘಟನೆಗಳು ನಡೆಯುತ್ತಿರುವಾಗಲೇ ಯಾರೋ ಒಬ್ಬರು ಅವನ್ನು ಚಿತ್ರೀಕರಿಸುತ್ತಿದ್ದರು; ಕುಸ್ತಿಗಾಗಲಿ ಕಬಡ್ಡಿಗಾಗಲಿ ಒದಗದ ಭಾಗ್ಯ ಇದು. ಆದರೆ ಆ ಕ್ಯಾಮೆರಾ ಯಾರ ಕೈಯಲ್ಲಿತ್ತು, ಅದರ ಖರ್ಚನ್ನು ಯಾರು ಹೊತ್ತರು ಎಂದು ಕೇಳಿದ ಕೂಡಲೇ ಆ ಭಾಗ್ಯ ಅಷ್ಟೇನೂ ನಿರಾಳವಾದುದಲ್ಲ ಎಂಬುದು ತಿಳಿಯುತ್ತದೆ.

ಸ್ನೋಬೋರ್ಡಿಂಗ್ ಕುರಿತ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಹಣ ಬಂದದ್ದು ಹಲಗೆ, ಬೂಟು, ಅಂಗಿ ತಯಾರಿಸುವ ಕಂಪನಿಗಳಿಂದ ಅಥವಾ ಯುವಜನರಿಗೆ ತಂಪು ಪಾನೀಯ ಮಾರುವ ಕಂಪನಿಗಳಿಂದ. ಕರ್ನಾಟಕದ ಶಾಸನಗಳನ್ನು ಓದುವ ಇತಿಹಾಸಕಾರರಿಗೆ ಇಂಥ ಆಕರಗಳ ಒಡನಾಟ ಹಳೆಯದು: ಶಿಲಾಶಾಸನದ ಮೊದಲ ಸಾಲುಗಳಲ್ಲಿ ದಾನ ಕೊಟ್ಟವನ ಬಿರುದುಗಳೂ ಗೆದ್ದ ಯುದ್ಧಗಳೂ ಸಾಲಾಗಿ ಬರುತ್ತವೆ, ಈ ಭಾಗಕ್ಕೆ ಪ್ರಶಸ್ತಿ ಎಂದು ಹೆಸರು, ಅದರ ಕೆಳಗೆ ದತ್ತಿಬಿಟ್ಟ ಭೂಮಿಯ ಎಲ್ಲೆ, ಕೆರೆ, ಸಾಕ್ಷಿಗಳ ಹೆಸರು ಬರುತ್ತವೆ. ಓದುವವನು ಪ್ರಶಸ್ತಿಯನ್ನು ತಕ್ಕಮಟ್ಟಿಗೆ ಸೋಸಿಕೊಳ್ಳುತ್ತಾನೆ, ಎಲ್ಲೆಕಟ್ಟಿನ ವಿವರವನ್ನು ಜೋಪಾನವಾಗಿ ಎತ್ತಿಟ್ಟುಕೊಳ್ಳುತ್ತಾನೆ. ಸ್ನೋಬೋರ್ಡಿಂಗ್ ಸಾಕ್ಷ್ಯಚಿತ್ರಗಳನ್ನೂ ಹೀಗೆಯೇ ಓದಬೇಕಾಗುತ್ತದೆ, ಏಕೆಂದರೆ ಇವುಗಳ ನಿರೂಪಣೆ ಪೋಷಕನ ಬಿರುದಾವಳಿಯಂತಿದ್ದರೂ, ಹಿನ್ನೆಲೆಯಲ್ಲಿ ಕಾಣುವ ಹಲಗೆಯ ಆಕಾರ, ಇಳಿಜಾರಿನ ಸ್ಥಿತಿ, ಪಕ್ಕದಲ್ಲಿ ನಿಂತವರ ಮುಖಗಳು ಪೋಷಕನ ಮಾತು ಕೇಳಿ ಅಲ್ಲಿಗೆ ಬಂದವಲ್ಲ.

ಮೊದಲಿಗೆ ಮೂಲಕಥೆಯನ್ನೇ ನೋಡಬಹುದು. ಈ ಆಟದ ಇತಿಹಾಸ ಹೇಳುವ ಚಿತ್ರಗಳು ಸಾಮಾನ್ಯವಾಗಿ 1965ರ ಕ್ರಿಸ್‌ಮಸ್ ದಿನಕ್ಕೆ, ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಪಟ್ಟಣಕ್ಕೆ ಹೋಗುತ್ತವೆ. ಅಲ್ಲಿ ಶೆರ್ಮನ್ ಪಾಪೆನ್ ಎಂಬ ಎಂಜಿನಿಯರ್ ತಮ್ಮ ಹೆಣ್ಣುಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಅಕ್ಕಪಕ್ಕ ಜೋಡಿಸಿ ಒಂದು ಹಲಗೆಯನ್ನಾಗಿ ಮಾಡಿದರು. ಹಿಮ ಎಂಬರ್ಥದ ಸ್ನೋ ಮತ್ತು ಸಮುದ್ರದ ಅಲೆಯ ಮೇಲೆ ಹಲಗೆಯಲ್ಲಿ ಜಾರುವ ಸರ್ಫ್ ಎಂಬೆರಡು ಮಾತುಗಳನ್ನು ಬೆಸೆದು ಪತ್ನಿ ನ್ಯಾನ್ಸಿ ಅದಕ್ಕೆ ಸ್ನರ್ಫರ್ ಎಂದು ಹೆಸರಿಟ್ಟರು. ಬ್ರನ್ಸ್‌ವಿಕ್ ಕಂಪನಿ ಮರುವರ್ಷದಿಂದ ಅದನ್ನು ಆಟಿಕೆಯಾಗಿ ಮಾರತೊಡಗಿತು. ಪಾದವನ್ನು ಹಿಡಿದಿಡುವ ಬೈಂಡಿಂಗ್, ಅಂದರೆ ಬಿಗಿಪಟ್ಟಿ, ಅದಕ್ಕಿರಲಿಲ್ಲ. ಮೂತಿಗೆ ಕಟ್ಟಿದ ಒಂದು ಹಗ್ಗವನ್ನು ಕೈಯಲ್ಲಿ ಹಿಡಿದು, ಲಗಾಮಿನಂತೆ ಎಳೆಯುತ್ತ, ಮಕ್ಕಳು ಗುಡ್ಡ ಇಳಿಯುತ್ತಿದ್ದರು. ಇಲ್ಲಿಯವರೆಗೆ ಚಿತ್ರಗಳಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಈ ಆಟಿಕೆಯನ್ನು ಕ್ರೀಡೆಯನ್ನಾಗಿ ಮಾಡಿದವರು ಯಾರು ಎಂಬ ಮುಂದಿನ ಪ್ರಶ್ನೆಗೆ ಮಾತ್ರ ಒಂದೊಂದು ಕಂಪನಿಗೂ ಒಂದೊಂದು ಸ್ಥಳಪುರಾಣವಿದೆ.

ಜೇಕ್ ಬರ್ಟನ್ ಕಾರ್ಪೆಂಟರ್ ಅವರು 1977ರಲ್ಲಿ ಅಮೆರಿಕದ ಪೂರ್ವಭಾಗದ ವರ್ಮಾಂಟ್ ರಾಜ್ಯದ ಲಂಡನ್‌ಡೆರಿಯಲ್ಲಿ ಹಲಗೆ ತಯಾರಿಕೆ ಆರಂಭಿಸಿ, ಸ್ನರ್ಫರ್‌ಗೆ ಇಲ್ಲದಿದ್ದ ಪಾದಪಟ್ಟಿಗಳನ್ನು ಅಳವಡಿಸಿದರು. 1979ರಲ್ಲಿ ಮಿಷಿಗನ್‌ನ ಸ್ನರ್ಫರ್ ಸ್ಪರ್ಧೆಗೆ ಆ ಹಲಗೆಯನ್ನೇ ಕೊಂಡೊಯ್ದಾಗ ಅದು ನಿಯಮಕ್ಕೆ ಹೊಂದದೆ, ಅದಕ್ಕಾಗಿ ಪ್ರತ್ಯೇಕ ಮುಕ್ತ ವಿಭಾಗವನ್ನು ಮಾಡಬೇಕಾಯಿತು. ಪಶ್ಚಿಮದ ಕ್ಯಾಲಿಫೋರ್ನಿಯಾದಲ್ಲಿ ಹಲಗೆ ತಯಾರಿಸುತ್ತಿದ್ದ ಟಾಮ್ ಸಿಮ್ಸ್ ಅವರಾದರೋ 1963ರಲ್ಲೇ, ನ್ಯೂಜೆರ್ಸಿಯ ಶಾಲೆಯಲ್ಲಿ ಓದುತ್ತಿದ್ದಾಗ, ಮರಗೆಲಸದ ತರಗತಿಯಲ್ಲಿ ಹಿಮದ ಹಲಗೆಯನ್ನು ತಾವು ಮಾಡಿದ್ದಾಗಿ ಹೇಳಿಕೊಂಡಿದ್ದರು. ಯೂಟಾ ರಾಜ್ಯದಲ್ಲಿ ಡಿಮಿಟ್ರಿಯೆ ಮಿಲೋವಿಚ್ 1970ರ ದಶಕದಲ್ಲಿ ವಿಂಟರ್‌ಸ್ಟಿಕ್ ಎಂಬ, ಆಳವಾದ ಹೊಸಹಿಮದಲ್ಲಿ ತೇಲುವಂತೆ ರೂಪಿಸಿದ ಹಲಗೆಗಳನ್ನು ತಯಾರಿಸಿದರು. ಮಿಲೋವಿಚ್ ಅವರಿಗೆ ಹೆಚ್ಚಿನ ಚಿತ್ರಗಳಲ್ಲಿ ಸಿಕ್ಕಿರುವುದು ಒಂದೆರಡು ನಿಮಿಷ. ಕಂಪನಿ ದೊಡ್ಡದಾಗಿ ಬೆಳೆಯದಿದ್ದವರ ಪಾಲಿಗೆ ಸಾಕ್ಷ್ಯಚಿತ್ರದಲ್ಲಿಯೂ ಜಾಗ ಕಿರಿದಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಬರ್ಟನ್ ಮತ್ತು ಸಿಮ್ಸ್ ನಡುವಿನ ಜಗಳ ಯಾರು ಮೊದಲು ಎಂಬುದಕ್ಕೆ ಸೀಮಿತವಾಗಿರಲಿಲ್ಲ. ಈ ಆಟ ಏನಾಗಬೇಕು ಎಂಬ ವಿಷಯದಲ್ಲಿಯೇ ಇಬ್ಬರ ದಾರಿ ಬೇರೆಯಾಗಿತ್ತು. ಪೂರ್ವದವರ ಕಣ್ಣಿನಲ್ಲಿ ಇದು ಸ್ಕೀಯಿಂಗ್‌ನಂತೆ ಗಡಿಯಾರದ ವಿರುದ್ಧ ನಡೆಯುವ ಓಟ. ಪಶ್ಚಿಮದವರು ಸ್ಕೇಟ್‌ಬೋರ್ಡ್, ಅಂದರೆ ಚಕ್ರದ ಹಲಗೆಯ ಆಟದ ಹಿನ್ನೆಲೆಯಿಂದ ಬಂದವರಾದ್ದರಿಂದ, ನೆಲ ಬಿಟ್ಟು ಗಾಳಿಯಲ್ಲಿ ತೋರುವ ಕಸರತ್ತೇ ಅವರಿಗೆ ಮುಖ್ಯವಾಗಿತ್ತು. 1982ರಲ್ಲಿ ವರ್ಮಾಂಟ್‌ನ ಸೂಯಿಸೈಡ್ ಸಿಕ್ಸ್ ಇಳಿಜಾರಿನಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆ ಪೂರ್ವದ ಮಾದರಿಯದು. ಮರುವರ್ಷ ಕ್ಯಾಲಿಫೋರ್ನಿಯಾದ ಸೋಡಾ ಸ್ಪ್ರಿಂಗ್ಸ್‌ನಲ್ಲಿ ಸಿಮ್ಸ್ ಏರ್ಪಡಿಸಿದ ಸ್ಪರ್ಧೆಯಲ್ಲಿ ಹಾಫ್‌ಪೈಪ್ ಎಂಬ ಹೊಸ ವಿಭಾಗ ಸೇರಿತು. ಉದ್ದಕ್ಕೆ ಸೀಳಿದ ಕೊಳವೆಯ ಅರ್ಧಭಾಗದಂತೆ ಎರಡು ಕಡೆ ಹಿಮದ ಗೋಡೆಯೆದ್ದ ಕಾಲುವೆಯೇ ಹಾಫ್‌ಪೈಪ್. ಆಟಗಾರ ಒಂದು ಗೋಡೆಯಿಂದ ಇನ್ನೊಂದಕ್ಕೆ ಜಾರಿ, ಅಂಚಿನಾಚೆ ಮೇಲಕ್ಕೆ ಚಿಮ್ಮಿ, ತಿರುಗಿ ಮತ್ತೆ ಗೋಡೆಗೆ ಇಳಿಯುತ್ತಾನೆ. ಇದನ್ನು ಬರ್ಟನ್ ಪಾಳಯ ಆಕ್ಷೇಪಿಸಿತು. ಮುಂದೆ ಒಲಿಂಪಿಕ್ಸ್‌ನಲ್ಲಿ ಜಗತ್ತು ಕಣ್ಣರಳಿಸಿ ನೋಡಿದ್ದು ಈ ಹಾಫ್‌ಪೈಪನ್ನೇ, ಅದರಲ್ಲಿ ಪದಕ ಗೆದ್ದ ಪ್ರಮುಖರ ಕಾಲಡಿಯಲ್ಲಿದ್ದದ್ದು ಬರ್ಟನ್ ಹಲಗೆಯೇ ಎಂಬುದು ಈ ಕಥೆಯ ಸ್ವಾರಸ್ಯ. ಹಾಫ್‌ಪೈಪ್ ಹುಟ್ಟಿದ ಜಾಗವನ್ನು ಹುಡುಕಿಕೊಂಡು ಹೋದರೆ 1979ರ ಸುಮಾರಿಗೆ ಟಾಹೋ ಸಿಟಿಯ ಕಸ ಸುರಿಯುವ ಪ್ರದೇಶದ ಪಕ್ಕದ ಒಂದು ಹಳ್ಳ ಸಿಗುತ್ತದೆ. ಟೆರಿ ಕಿಡ್ವೆಲ್ ಮುಂತಾದ ಹುಡುಗರು ಸಲಿಕೆಯಿಂದ ಅದನ್ನು ತಿದ್ದಿ ಆಡುತ್ತಿದ್ದರು. 'ಪೌಡರ್ ಅಂಡ್ ರೇಲ್ಸ್' ಎಂಬ ಅಂತರ್ಜಾಲ ಸರಣಿ ಇಂಥ ಹಳಬರನ್ನು ಕೂರಿಸಿಕೊಂಡು ಮಾತಾಡಿಸಿದ್ದು ಇತಿಹಾಸದ ದೃಷ್ಟಿಯಿಂದ ದೊಡ್ಡ ಬಜೆಟ್ಟಿನ ಹಲವು ಚಿತ್ರಗಳಿಗಿಂತ ಉಪಯುಕ್ತವಾದ ಕೆಲಸ.

ಸಿಮ್ಸ್ 2012ರಲ್ಲಿ ತೀರಿಕೊಂಡರು. ಪಾಪೆನ್ 2019ರ ಜುಲೈ ಕೊನೆಯಲ್ಲಿಯೂ, ಬರ್ಟನ್ ಅದೇ ವರ್ಷದ ನವೆಂಬರ್‌ನಲ್ಲಿಯೂ ಕಾಲವಾದರು. ಇದಾದ ಎರಡು ವರ್ಷಕ್ಕೆ, ಫೆರ್ನಾಂಡೊ ವಿಯೆನಾ ನಿರ್ದೇಶನದ 'ಡಿಯರ್ ರೈಡರ್' ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ಪ್ರಸಾರವಾಯಿತು. ಬರ್ಟನ್ ತಮ್ಮ ಕಂಪನಿಯ ವಾರ್ಷಿಕ ಪಟ್ಟಿಪುಸ್ತಕದ ಆರಂಭದಲ್ಲಿ ಗಿರಾಕಿಗಳನ್ನು ಉದ್ದೇಶಿಸಿ ಬರೆಯುತ್ತಿದ್ದ ಪತ್ರದ ಒಕ್ಕಣೆಯೇ ಚಿತ್ರದ ಹೆಸರು. ಕೊಟ್ಟಿಗೆಯಂಥ ಕಾರ್ಯಾಗಾರದಲ್ಲಿ ಹಲಗೆ ಕೊರೆಯುವ ದಿನಗಳಿಂದ ಹಿಡಿದು, 2011ರಲ್ಲಿ ಕಾಣಿಸಿಕೊಂಡ ಕ್ಯಾನ್ಸರ್, 2015ರಲ್ಲಿ ದೇಹವನ್ನು ಪಾರ್ಶ್ವವಾಯುವಿನಂತೆ ನಿಶ್ಚಲಗೊಳಿಸಿದ ಮಿಲ್ಲರ್ ಫಿಷರ್ ಎಂಬ ಅಪರೂಪದ ನರರೋಗದವರೆಗೆ, ಮನೆಯವರು ತೆಗೆದಿಟ್ಟಿದ್ದ ತುಣುಕುಗಳು ಇಲ್ಲಿ ಧಾರಾಳವಾಗಿ ಬಳಕೆಯಾಗಿವೆ. ಚಿತ್ರ ಮನಸ್ಸನ್ನು ತಟ್ಟುತ್ತದೆ, ಸುಳ್ಳನ್ನೂ ಹೇಳುವುದಿಲ್ಲ. ಆದರೂ ಒಂದು ಕ್ರೀಡೆಯ ಇತಿಹಾಸ ಮತ್ತು ಒಂದು ಕಂಪನಿಯ ಇತಿಹಾಸ ಎರಡೂ ಒಂದೇ ಎನ್ನುವ ಭಾವನೆ ನೋಡುಗನಲ್ಲಿ ಸದ್ದಿಲ್ಲದೆ ನೆಲೆಯೂರುತ್ತದೆ. ತುಣುಕುಗಳನ್ನು ಕಾಪಾಡಿಟ್ಟವರು ಯಾರೋ ಇತಿಹಾಸವೂ ಅವರದೇ ಆಗುವುದು ಹೀಗೆ.

ಎಲ್ಲ ಚಿತ್ರಗಳಿಗೂ ಪ್ರಿಯವಾದ ಇನ್ನೊಂದು ಅಧ್ಯಾಯ ನಿಷೇಧದ್ದು. 1985ರ ಸುಮಾರಿಗೆ ಅಮೆರಿಕದ ಸುಮಾರು 600 ಸ್ಕೀ ತಾಣಗಳಲ್ಲಿ ಸ್ನೋಬೋರ್ಡಿಗೆ ಅವಕಾಶ ಕೊಟ್ಟಿದ್ದವು 39 ಮಾತ್ರ. ವಿಮೆ ಸಿಗುವುದಿಲ್ಲ, ಅಡ್ಡಲಾಗಿ ನಿಂತವರಿಗೆ ಬೆನ್ನ ಹಿಂದಿನದು ಕಾಣುವುದಿಲ್ಲ, ಹಿಮದ ಹಾಸನ್ನು ಕೆಡಿಸುತ್ತಾರೆ ಎಂಬ ಕಾರಣಗಳನ್ನು ಮುಂದಿಡುತ್ತಿದ್ದರೂ, ಜೋಲು ಅಂಗಿ ತೊಟ್ಟ ಹುಡುಗರ ಗುಂಪು ಸಿರಿವಂತ ಕುಟುಂಬಗಳ ವಿಹಾರತಾಣಕ್ಕೆ ನುಗ್ಗಿದ ಮುಜುಗರ ಅವುಗಳ ಒಳಗಿತ್ತು. ಕಾವಲುಗಾರನ ಕಣ್ಣು ತಪ್ಪಿಸಿ ಬೆಟ್ಟ ಹತ್ತುವ, ಸಿಕ್ಕಿಬಿದ್ದು ಹೊರದಬ್ಬಿಸಿಕೊಳ್ಳುವ ಹಳೆಯ ತುಣುಕುಗಳು ಸಾಕ್ಷ್ಯಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅವು ಹೇಳದೆ ಬಿಡುವುದು ಈ ಬಂಡಾಯ ಎಷ್ಟು ಬೇಗ ಅಂಗಡಿಯ ಸರಕಾಯಿತು ಎಂಬುದನ್ನು. ನಿಷೇಧ ಬಹುತೇಕ ಎಲ್ಲ ಕಡೆ ತೆರವಾಗಿದ್ದ 2007ರಲ್ಲಿ, ಉಳಿದ ನಾಲ್ಕು ತಾಣಗಳಿಗೆ ಕದ್ದು ನುಗ್ಗಿ ಅದನ್ನು ಚಿತ್ರೀಕರಿಸಿ ಕಳಿಸಿದವರಿಗೆ 5,000 ಡಾಲರ್ ಬಹುಮಾನ ಕೊಡುವುದಾಗಿ ಬರ್ಟನ್ ಕಂಪನಿಯೇ ಸಾರಿತು. ಆ ನಾಲ್ಕರಲ್ಲಿ ಟಾವೋಸ್ ಮರುವರ್ಷ ಬಾಗಿಲು ತೆರೆಯಿತು. ಆಲ್ಟಾ, ಡಿಯರ್ ವ್ಯಾಲಿ, ಮ್ಯಾಡ್ ರಿವರ್ ಗ್ಲೆನ್ ತಮ್ಮ ಹಟವನ್ನು ಬಿಡಲಿಲ್ಲ. ಆಲ್ಟಾದ ವಿರುದ್ಧ 2014ರಲ್ಲಿ ಹೂಡಿದ ಮೊಕದ್ದಮೆ ವಜಾಗೊಂಡು, 2016ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು.

ಮೂಲಕಥೆ, ನಿಷೇಧ, ಒಲಿಂಪಿಕ್ಸ್ ಎಂಬ ಈ ಕ್ರಮವನ್ನು ಚಿತ್ರಮಂದಿರದ ಪ್ರೇಕ್ಷಕರಿಗೆ ತಲುಪಿಸಲು ಹೊರಟದ್ದು 2005ರ 'ಫಸ್ಟ್ ಡಿಸೆಂಟ್'. ಮೌಂಟನ್ ಡ್ಯೂ ಎಂಬ ಪಾನೀಯದ ಹೆಸರಿನ ಮೊದಲಕ್ಷರಗಳನ್ನೇ ಹೊತ್ತ ಎಂಡಿ ಫಿಲ್ಮ್ಸ್ ಇದನ್ನು ತಯಾರಿಸಿತು. ಕೆಂಪ್ ಕರ್ಲಿ ಮತ್ತು ಕೆವಿನ್ ಹ್ಯಾರಿಸನ್ ನಿರ್ದೇಶಕರು. ಮೂರು ತಲೆಮಾರಿನ ಐವರು ಆಟಗಾರರನ್ನು ಹೆಲಿಕಾಪ್ಟರಿನಲ್ಲಿ ಅಲಾಸ್ಕದ ಶಿಖರಗಳಿಗೆ ಒಯ್ದು, ಅವರ ಇಳಿತದ ನಡುನಡುವೆ ಇತಿಹಾಸವನ್ನು ಪೋಣಿಸುವ ಉಪಾಯ ಒಳ್ಳೆಯದೇ ಆಗಿತ್ತು: ಬೆಟ್ಟದ ಅನುಭವವುಳ್ಳ ಹಿರಿಯರಾದ ಶಾನ್ ಫಾರ್ಮರ್, ನಿಕ್ ಪೆರಾಟ ಅವರ ಮುಂದೆ, ಸ್ಪರ್ಧೆಗಳನ್ನು ಗೆಲ್ಲುತ್ತಿದ್ದ ಹದಿಹರೆಯದ ಶಾನ್ ವೈಟ್ ಕಡಿದಾದ ಹಿಮದ ಅಂಚಿನಲ್ಲಿ ಅಳುಕಿ ನಿಲ್ಲುವ ದೃಶ್ಯಗಳು, ನಿರೂಪಕನ ಉತ್ಸಾಹದ ಮಾತಿಗಿಂತ ಹೆಚ್ಚಿನದನ್ನು ತಿಳಿಸುತ್ತವೆ. ಐವರಲ್ಲಿ ಹೆಣ್ಣು ಹ್ಯಾನಾ ಟೀಟರ್ ಒಬ್ಬರೇ. ಎಂಟು ವರ್ಷಗಳ ನಂತರ ಬರ್ನ್ ಎಂಬ ಇನ್ನೊಂದು ಪಾನೀಯದ ಹಣದಿಂದ ಬಂದ 'ವಿ ರೈಡ್' ಇದೇ ಕಥೆಯನ್ನು ಇನ್ನಷ್ಟು ಅಚ್ಚುಕಟ್ಟಾಗಿ ಹೇಳಿತು. ಕಂಪನಿಯ ಹಣದಿಂದ ತನ್ನ ಇತಿಹಾಸ ಹೇಳಿಕೊಳ್ಳುವುದರಲ್ಲಿ ಸ್ನೋಬೋರ್ಡಿಂಗ್ ಒಂಟಿಯಲ್ಲ. ಚಕ್ರದ ಹಲಗೆಯ ಆಟದ ಬಗೆಗಿನ 'ಡಾಗ್‌ಟೌನ್ ಅಂಡ್ ಝೆಡ್‌ಬಾಯ್ಸ್' ಎಂಬ 2001ರ ಹೆಸರಾಂತ ಸಾಕ್ಷ್ಯಚಿತ್ರವನ್ನು ನಿರ್ದೇಶಿಸಿದ ಸ್ಟೇಸಿ ಪೆರಾಲ್ಟ ಆ ಕಥೆಯ ಪಾತ್ರಧಾರಿಗಳಲ್ಲೇ ಒಬ್ಬರು, ಹಣ ಕೊಟ್ಟದ್ದು ವ್ಯಾನ್ಸ್ ಎಂಬ ಬೂಟು ಕಂಪನಿ.

ಇತಿಹಾಸ ಹೇಳುತ್ತೇವೆಂದು ಹೊರಟ ಈ ಚಿತ್ರಗಳಿಗೆ ಬೇಕಾದ ಕಚ್ಚಾಸಾಮಗ್ರಿ ಬಂದದ್ದು, ಅಂಥ ಯಾವ ಉದ್ದೇಶವನ್ನೂ ಇಟ್ಟುಕೊಳ್ಳದಿದ್ದ ಹಳೆಯ ವಿಡಿಯೊ ಕ್ಯಾಸೆಟ್ಟುಗಳಿಂದ. 1980ರ ದಶಕದ ಕೊನೆಯಿಂದ ಫಾಲ್ ಲೈನ್ ಫಿಲ್ಮ್ಸ್, ಅದರ ಹಿಂದೆಯೇ ಮ್ಯಾಕ್ ಡಾಗ್, ಸ್ಟ್ಯಾಂಡರ್ಡ್ ಫಿಲ್ಮ್ಸ್ ಮುಂತಾದ ಸಣ್ಣ ತಂಡಗಳು ವರ್ಷಕ್ಕೊಂದರಂತೆ ಕ್ಯಾಸೆಟ್ ತರುತ್ತಿದ್ದವು. ಒಬ್ಬೊಬ್ಬ ಆಟಗಾರನಿಗೆ ಒಂದು ಹಾಡಿನಷ್ಟು ಉದ್ದದ ಭಾಗ ಮೀಸಲು. ಇದಕ್ಕೆ ಅವರ ಮಾತಿನಲ್ಲಿ ಪಾರ್ಟ್ ಎಂದೇ ಹೆಸರು. ಚಳಿಗಾಲವಿಡೀ ಪಟ್ಟ ಪಾಡೆಲ್ಲ ಮೂರ್ನಾಲ್ಕು ನಿಮಿಷಕ್ಕೆ ಇಳಿಯುತ್ತಿತ್ತು, ಒಳ್ಳೆಯ ಪಾರ್ಟ್ ಸಿಕ್ಕವನಿಗೆ ಪ್ರಾಯೋಜಕ ಸಿಗುತ್ತಿದ್ದ. ಯಾರು ಯಾವ ಹಾಡಿಗೆ ಜಾರಿದರು, ಯಾವ ಬಗೆಯ ಪ್ಯಾಂಟು ತೊಟ್ಟಿದ್ದರು, ಯಾವ ಊರಿನ ಮೆಟ್ಟಿಲ ಕಂಬಿಯ ಮೇಲೆ ಹಲಗೆ ಜಾರಿಸಿದರು ಎಂಬುದನ್ನು ನೋಡಿಯೇ ಒಂದು ತಲೆಮಾರು ನಡೆನುಡಿ ಕಲಿತದ್ದರಿಂದ, ಈ ಕ್ಯಾಸೆಟ್ಟುಗಳನ್ನು ಆ ಸಂಸ್ಕೃತಿಯ ದಾಖಲೆ ಎನ್ನುವುದಕ್ಕಿಂತ ಅದರ ಪಾಠಶಾಲೆ ಎನ್ನುವುದೇ ಸರಿ. ಯುರೋಪಿನಲ್ಲಿ ಈ ಕೆಲಸವನ್ನು ಇನ್ನೂ ಮೊದಲೇ, 1983ರಲ್ಲಿ, ದಿದಿಯೆ ಲಾಫಾಂ ಅವರ 'ಅಪೊಕ್ಯಾಲಿಪ್ಸ್ ಸ್ನೋ' ಎಂಬ ಫ್ರೆಂಚ್ ಚಿತ್ರ ಮಾಡಿತ್ತು. ರೆಜಿಸ್ ರೋಲಾಂ ಎಂಬ ಆಟಗಾರ ಹಲಗೆಯ ಮೇಲೆ ತಪ್ಪಿಸಿಕೊಂಡು ಓಡುವ, ಖಳರ ಗುಂಪು ಬೆನ್ನಟ್ಟುವ ಆ ಕಟ್ಟುಕಥೆಯನ್ನು ನೋಡಿಯೇ ಅಲ್ಲಿಯ ಎಷ್ಟೋ ಹುಡುಗರು ಹಲಗೆ ಹಿಡಿದರು.

1998ರ ನಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿಂಗ್ ಮೊದಲ ಬಾರಿಗೆ ಸೇರ್ಪಡೆಯಾಯಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಆಟದ ಉಸ್ತುವಾರಿಯನ್ನು ಸ್ನೋಬೋರ್ಡಿಗರೇ ಕಟ್ಟಿಕೊಂಡಿದ್ದ ಐಎಸ್‌ಎಫ್ ಎಂಬ ಒಕ್ಕೂಟಕ್ಕೆ ಕೊಡದೆ, ಸ್ಕೀ ಆಟದ ಒಕ್ಕೂಟವಾದ ಎಫ್‌ಐಎಸ್‌ಗೆ ಒಪ್ಪಿಸಿದ್ದನ್ನು ವಿರೋಧಿಸಿ, ಆ ಕಾಲದ ಅತ್ಯುತ್ತಮ ಆಟಗಾರನೆಂದು ಹೆಸರಾಗಿದ್ದ ನಾರ್ವೆಯ ಟೆರ್ಯೆ ಹಾಕನ್‌ಸನ್ ನಗಾನೊಕ್ಕೆ ಹೋಗಲೇ ಇಲ್ಲ. ಅಲ್ಲಿ ಮೊದಲ ಚಿನ್ನ ಗೆದ್ದ ಕೆನಡಾದ ರಾಸ್ ರೆಬಾಗ್ಲಿಯಾಟಿ ಅವರ ದೇಹದಲ್ಲಿ ಗಾಂಜಾ ಅಂಶ ಪತ್ತೆಯಾಗಿ ಪದಕ ಕಿತ್ತುಕೊಂಡದ್ದೂ, ಗಾಂಜಾ ನಿಷೇಧಿತ ಪಟ್ಟಿಯಲ್ಲೇ ಇರಲಿಲ್ಲವೆಂದು ಮೇಲ್ಮನವಿಯಲ್ಲಿ ತೀರ್ಮಾನವಾಗಿ ಅದು ಮರಳಿದ್ದೂ ಕೆಲವೇ ದಿನಗಳಲ್ಲಿ ನಡೆದವು. ಸಾಕ್ಷ್ಯಚಿತ್ರಗಳಿಗೆ ಈ ಎರಡನೆಯ ಪ್ರಸಂಗವೇ ಹೆಚ್ಚು ಇಷ್ಟ, ಏಕೆಂದರೆ ಅದರಲ್ಲಿ ನಗುವಿದೆ. ಆಟದ ಒಡೆತನ ಯಾರದು ಎಂಬ ಹಾಕನ್‌ಸನ್ ಅವರ ಪ್ರಶ್ನೆಯೇ ಇತಿಹಾಸಕ್ಕೆ ಹೆಚ್ಚು ತೂಕದ್ದು. ಐಎಸ್‌ಎಫ್ ನಾಲ್ಕೇ ವರ್ಷದಲ್ಲಿ ಮುಚ್ಚಿಹೋದದ್ದನ್ನು ಮಾತ್ರ ಚಿತ್ರಗಳು ಸಾಲೊಂದರಲ್ಲಿ ಮುಗಿಸುತ್ತವೆ.

ರೆಡ್ ಬುಲ್ ಕಂಪನಿಯ ಮಾಧ್ಯಮ ವಿಭಾಗದೊಂದಿಗೆ ಕರ್ಟ್ ಮಾರ್ಗನ್ ಅವರು ನಿರ್ದೇಶಿಸಿದ 2011ರ 'ದಿ ಆರ್ಟ್ ಆಫ್ ಫ್ಲೈಟ್' ನೋಟದ ರೀತಿಯನ್ನೇ ಬದಲಿಸಿತು. ಹೆಲಿಕಾಪ್ಟರಿಗೆ ಕಟ್ಟಿದ, ಹಾರಾಟದ ಅದುರನ್ನು ತಾನೇ ಸರಿದೂಗಿಸಿಕೊಳ್ಳುವ ಕ್ಯಾಮೆರಾ ಮೇಲಿನಿಂದ ನೋಡುವಾಗ, ಟ್ರಾವಿಸ್ ರೈಸ್ ಎಂಬ ನಾಯಕ ಬಿಳಿಯ ಗೋಡೆಯ ಮೇಲಿನ ಒಂದು ಚುಕ್ಕೆ. ಸೌಂದರ್ಯಕ್ಕೆ ಕೊರತೆಯಿಲ್ಲ, ಮನುಷ್ಯರಿಗೆ ಕೊರತೆ. ಇದಕ್ಕೆ ಎದುರಾಗಿ ನಿಲ್ಲುವ 2010ರ 'ಡೀಪರ್' ಚಿತ್ರದಲ್ಲಿ ಜೆರೆಮಿ ಜೋನ್ಸ್ ಹೆಲಿಕಾಪ್ಟರನ್ನು ಬಿಟ್ಟು ಕಾಲ್ನಡಿಗೆಯಿಂದ ಬೆಟ್ಟ ಹತ್ತುತ್ತಾರೆ. ಹತ್ತುವಾಗ ಎರಡು ಸೀಳಾಗಿ ಸ್ಕೀಗಳಂತೆ ಬಳಕೆಯಾಗಿ, ಇಳಿಯುವಾಗ ಮತ್ತೆ ಒಂದಾಗುವ ಸ್ಪ್ಲಿಟ್‌ಬೋರ್ಡ್ ಎಂಬ ಹಲಗೆ ಅವರ ಸಾಧನ. ಹವಾಮಾನ ಬದಲಾವಣೆಯ ವಿರುದ್ಧ 'ಪ್ರೊಟೆಕ್ಟ್ ಅವರ್ ವಿಂಟರ್ಸ್' ಸಂಘಟನೆಯನ್ನು ಅವರು 2007ರಲ್ಲೇ ಕಟ್ಟಿದ್ದರಾದ್ದರಿಂದ ಈ ತ್ಯಾಗದ ಪ್ರಾಮಾಣಿಕತೆಯನ್ನು ಶಂಕಿಸಬೇಕಿಲ್ಲ. 'ಡೀಪರ್' ಬಂದ ಸುಮಾರಿಗೇ ಅವರು ಸ್ವಂತ ಹಲಗೆ ಕಂಪನಿ ತೆರೆದು ಸ್ಪ್ಲಿಟ್‌ಬೋರ್ಡುಗಳನ್ನು ಮಾರತೊಡಗಿದರು ಎಂಬುದನ್ನು ಮಾತ್ರ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಹಾರುವುದನ್ನು ತೋರಿಸುವ ಈ ನೂರಾರು ಚಿತ್ರಗಳ ನಡುವೆ ಬೀಳುವುದನ್ನು ತೋರಿಸಿದ ಒಂದು ಚಿತ್ರವಿದೆ. 2013ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡ 'ದಿ ಕ್ರಾಶ್ ರೀಲ್' ಚಿತ್ರದ ನಿರ್ದೇಶಕಿ ಲೂಸಿ ವಾಕರ್ ಬ್ರಿಟನ್ನಿನವರು. ಬ್ರೆಜಿಲ್‌ನ ಕಸದ ಗುಡ್ಡೆಯಲ್ಲಿ ದುಡಿಯುವವರ ಬಗ್ಗೆ 'ವೇಸ್ಟ್ ಲ್ಯಾಂಡ್' ತೆಗೆದಿದ್ದ ಅವರಿಗೂ ಸ್ನೋಬೋರ್ಡಿಂಗ್ ಉದ್ಯಮಕ್ಕೂ ಹಿಂದಿನ ನಂಟಿರಲಿಲ್ಲ. ಚಿತ್ರದ ಮೊದಲ ಅರ್ಧ ಗಂಟೆ ಇದು ಪರಿಚಿತ ದಾರಿಯಲ್ಲೇ ಸಾಗುವ ಕಥೆಯೆನಿಸುತ್ತದೆ. ವರ್ಮಾಂಟ್‌ನ ಕೆವಿನ್ ಪಿಯರ್ಸ್ ಎಂಬ ಯುವಕ, ಹಾಫ್‌ಪೈಪ್‌ನಲ್ಲಿ ಅಜೇಯನೆನಿಸಿದ್ದ ಶಾನ್ ವೈಟ್ ಅವರಿಗೆ ಸರಿಸಾಟಿಯಾಗಿ ಬೆಳೆಯುತ್ತಿದ್ದಾರೆ. 2010ರ ಫೆಬ್ರುವರಿಯ ವ್ಯಾಂಕೂವರ್ ಒಲಿಂಪಿಕ್ಸ್ ಇಬ್ಬರ ಮುಖಾಮುಖಿಯ ಅಖಾಡವಾಗಬೇಕು. ಗಾಳಿಯಲ್ಲಿ ಅಡ್ಡಡ್ಡ ತಿರುಗುತ್ತಲೇ ಎರಡು ಬಾರಿ ತಲೆಕೆಳಗಾಗುವ ಡಬಲ್ ಕಾರ್ಕ್ ಎಂಬ ಕಸರತ್ತು ಆಗಷ್ಟೇ ಬಂದಿದ್ದು, ಅದನ್ನು ಕಲಿಯದವನಿಗೆ ಪದಕ ಸಿಗುವುದು ಕಷ್ಟವೆಂಬ ಭಾವನೆಯಿತ್ತು. ಕೊಲರಾಡೊದ ಸಿಲ್ವರ್ಟನ್ ಬೆಟ್ಟದಲ್ಲಿ ರೆಡ್ ಬುಲ್ ಕಂಪನಿ ವೈಟ್ ಒಬ್ಬರಿಗಾಗಿಯೇ ಒಂದು ಹಾಫ್‌ಪೈಪ್ ಕಟ್ಟಿಸಿ, ಬಿದ್ದರೆ ಏಟಾಗದಂತೆ ಪಕ್ಕದಲ್ಲಿ ಸ್ಪಂಜಿನ ಗುಂಡಿಯನ್ನೂ ಒದಗಿಸಿತ್ತು. 2009ರ ಡಿಸೆಂಬರ್ 31ರಂದು, ಒಲಿಂಪಿಕ್ಸ್ ಸ್ಪರ್ಧೆಗೆ ಏಳು ವಾರವೂ ಉಳಿದಿರದಾಗ, ಯೂಟಾದ ಪಾರ್ಕ್ ಸಿಟಿಯಲ್ಲಿ ಡಬಲ್ ಕಾರ್ಕ್ ಅಭ್ಯಾಸ ಮಾಡುತ್ತಿದ್ದ ಪಿಯರ್ಸ್ ಮುಖ ಅಡಿಯಾಗಿ ಬಿದ್ದರು. ಆಗ ಅವರಿಗೆ 22 ವರ್ಷ.

ಅಲ್ಲಿಂದ ಮುಂದೆ ಚಿತ್ರ ಬೆಟ್ಟವನ್ನು ಬಿಟ್ಟು ಆಸ್ಪತ್ರೆಗೆ, ಆಮೇಲೆ ಮನೆಯ ಊಟದ ಮೇಜಿಗೆ ಬರುತ್ತದೆ. ಮಿದುಳಿಗೆ ಬಿದ್ದ ಏಟಿನಿಂದ ನಡಿಗೆ, ದೃಷ್ಟಿ, ನೆನಪು, ಸಿಟ್ಟಿನ ಮೇಲಿನ ಹಿಡಿತ ಎಲ್ಲವೂ ಹದಗೆಟ್ಟಿರುವ ಮಗ ಮತ್ತೆ ಹಲಗೆ ಹತ್ತಿಯೇ ತೀರುತ್ತೇನೆಂದು ಹಟ ಹಿಡಿದಾಗ, ಗಾಜಿನ ಕುಶಲಕರ್ಮಿಯಾದ ತಂದೆ ಸೈಮನ್, ತಾಯಿ ಪಿಯಾ, ಅಣ್ಣಂದಿರು ಸುತ್ತ ಕುಳಿತು ವಾದಿಸುತ್ತಾರೆ. ಅವರಲ್ಲಿ ಡೌನ್ ಸಿಂಡ್ರೋಮ್‌ನೊಂದಿಗೆ ಹುಟ್ಟಿದ ಡೇವಿಡ್ ತಮ್ಮ ಸಾಯುವುದು ತನಗೆ ಬೇಡವೆಂದು ಸುತ್ತುಬಳಸಿಲ್ಲದೆ ಹೇಳುವುದನ್ನು, ಯಾವ ವೈದ್ಯರ ಎಚ್ಚರಿಕೆಯೂ ಸರಿಗಟ್ಟಲಾರದು. ಇನ್ನೊಮ್ಮೆ ತಲೆಗೆ ಏಟು ಬಿದ್ದರೆ ಉಳಿಯುವುದು ಕಷ್ಟವೆಂಬುದನ್ನು ಅರಿಯುವ ಶಕ್ತಿಯೇ ಆ ಏಟಿನಿಂದ ಕುಂದಿರುತ್ತದೆ ಎಂಬ ವೈದ್ಯಕೀಯ ಸತ್ಯವನ್ನು ಚಿತ್ರ ಉಪನ್ಯಾಸವಾಗಿಸದೆ, ಮೇಜಿನ ಸುತ್ತಲಿನ ಈ ಜಗ್ಗಾಟದಲ್ಲೇ ಕಾಣಿಸುತ್ತದೆ. ಪಿಯರ್ಸ್ ಕಡೆಗೂ ಸ್ಪರ್ಧೆಯ ಆಸೆಯನ್ನು ಕೈಬಿಡುತ್ತಾರೆ, ಆದರೆ ಕಾರಣ ಗೆಳೆಯರ ಉಪದೇಶವಲ್ಲ, ಹಿಮದ ಮೇಲೆ ಮರಳಿ ನಿಂತಾಗ ತನ್ನ ಕಣ್ಣು ಕಾಲುಗಳು ಹೇಳಿದ ಮಾತು.

ಈ ಚಿತ್ರದ ಇತಿಹಾಸಪ್ರಜ್ಞೆ ಮಾತಿನಲ್ಲಿಲ್ಲ, ಅಳತೆಯಲ್ಲಿದೆ. ನಗಾನೊದ ಹಾಫ್‌ಪೈಪ್ ಗೋಡೆಗಳ ಎತ್ತರ ಮೂರೂವರೆ ಮೀಟರ್. ವ್ಯಾಂಕೂವರ್ ಹೊತ್ತಿಗೆ ಅದು 22 ಅಡಿಗೆ, ಅಂದರೆ ಸುಮಾರು 6.7 ಮೀಟರಿಗೆ ಏರಿತ್ತು, ಆಟಗಾರ ಆ ಅಂಚಿನಿಂದಲೂ ಮೇಲಕ್ಕೆ ಚಿಮ್ಮುತ್ತಿದ್ದ. ಗೋಡೆ ಎತ್ತರವಾದಷ್ಟೂ ಗಾಳಿಯಲ್ಲಿರುವ ಹೊತ್ತು ಹೆಚ್ಚಿ, ಕಸರತ್ತು ಜಟಿಲವಾಗಿ, ದೂರದರ್ಶನಕ್ಕೆ ಕಳೆ ಬರುತ್ತಿತ್ತು. ಕೆಳಗಿನ ಹಿಮ ಮಾತ್ರ ಎಂದಿನಂತೆ ಗಟ್ಟಿಯಾಗಿಯೇ ಇತ್ತು. ಪಿಯರ್ಸ್ ಬಿದ್ದ ಪಾರ್ಕ್ ಸಿಟಿಯ ಹಾಫ್‌ಪೈಪ್‌ನಲ್ಲೇ 2012ರ ಜನವರಿಯಲ್ಲಿ ಕೆನಡಾದ ಸ್ಕೀ ಆಟಗಾರ್ತಿ ಸಾರಾ ಬರ್ಕ್ ಅಭ್ಯಾಸದ ವೇಳೆ ಬಿದ್ದು ಅಸುನೀಗಿದ್ದನ್ನು ಚಿತ್ರ ಸೇರಿಸಿಕೊಂಡಿರುವುದರಿಂದ, ಒಬ್ಬನ ದುರಾದೃಷ್ಟದ ಕಥೆಯಾಗಿ ಅದನ್ನು ನೋಡಿ ಮರೆಯುವ ಅನುಕೂಲ ಪ್ರೇಕ್ಷಕನಿಗೆ ಇರುವುದಿಲ್ಲ. ಹಣ ಕೊಟ್ಟವರು ಹಲಗೆ ಮಾರುವವರಾಗಿದ್ದರೆ ಇಂಥ ಚಿತ್ರ ಬರುತ್ತಿತ್ತೇ ಎಂದು ಕೇಳಿಕೊಳ್ಳುವುದು ಅನ್ಯಾಯವಾಗಲಾರದು. ಹಾಗೆಂದು ಇದರ ತುಂಬ ಬಳಕೆಯಾದ ಹಳೆಯ ತುಣುಕುಗಳನ್ನು, ಬಿದ್ದ ಕ್ಷಣವನ್ನೂ ಸೇರಿಸಿ, ತೆಗೆದಿಟ್ಟವರು ಅದೇ ಕ್ಯಾಮೆರಾ ಹುಚ್ಚಿನ ಗೆಳೆಯರ ಬಳಗ ಎಂಬುದನ್ನೂ ಮರೆಯುವಂತಿಲ್ಲ.

ಸಾವನ್ನು ಉಳಿದ ಚಿತ್ರಗಳು ನೆನೆಯುವ ರೀತಿ ನಮ್ಮ ಊರ ಹೊರಗಿನ ವೀರಗಲ್ಲುಗಳಿಗೆ ಹತ್ತಿರ: ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ಮೇಲಿನದರಲ್ಲಿ ಸ್ವರ್ಗ. ನಾಲ್ಕು ಬಾರಿ ವಿಶ್ವಚಾಂಪಿಯನ್ ಆಗಿ, ಉತ್ತುಂಗದಲ್ಲಿರುವಾಗಲೇ ಸ್ಪರ್ಧೆಗಳನ್ನು ತೊರೆದು, ಪರ್ವತ ಮಾರ್ಗದರ್ಶಿಯಾಗಲು ತರಬೇತಿ ಪಡೆಯುತ್ತಿದ್ದ ಕ್ರೇಗ್ ಕೆಲ್ಲಿ 2003ರ ಜನವರಿ 20ರಂದು ಕೆನಡಾದ ರೆವೆಲ್‌ಸ್ಟೋಕ್ ಬಳಿ ಹಿಮಕುಸಿತಕ್ಕೆ ಸಿಕ್ಕಿ, ಇತರ ಆರು ಮಂದಿಯೊಂದಿಗೆ ಮೃತಪಟ್ಟರು. ಜಾಕ್ ರುಸ್ಸೊ ನಿರ್ದೇಶನದ 'ಲೆಟ್ ಇಟ್ ರೈಡ್' ಅವರ ಬದುಕನ್ನು ಪ್ರೀತಿಯಿಂದ ಕಟ್ಟಿಕೊಡುತ್ತದೆ, ಆ ಪ್ರೀತಿಯ ಭರದಲ್ಲಿ ಅಂದಿನ ಇಳಿಜಾರಿನಲ್ಲಿ ಕೈಗೊಂಡ ನಿರ್ಧಾರಗಳ ಚರ್ಚೆ ಹಿಂದೆ ಸರಿಯುತ್ತದೆ. 2016ರ ಏಪ್ರಿಲ್‌ನಲ್ಲಿ ಸ್ವಿಟ್ಜರ್‌ಲ್ಯಾಂಡಿನ ಎಸ್ಟೆಲ್ ಬಾಲೆ ಎಂಬ 21 ವರ್ಷದ ಚಾಂಪಿಯನ್ ಹಿಮಕುಸಿತದಲ್ಲಿ ಸತ್ತದ್ದು ಚಿತ್ರೀಕರಣ ನಡೆಯುತ್ತಿದ್ದಾಗಲೇ. ದಾಖಲಿಸಲು ಬಂದ ಕ್ಯಾಮೆರಾ ತಾನೇ ಆಟಗಾರನನ್ನು ಇಳಿಜಾರಿಗೆ ಕರೆತರುವ ಈ ಸಂಬಂಧದ ಬಗ್ಗೆ ಸಾಕ್ಷ್ಯಚಿತ್ರಗಳು ಬಾಯಿ ಬಿಡುವುದು ಅಪರೂಪ.

ಹೆಂಗಸರ ವಿಷಯದಲ್ಲಿ ಕ್ಯಾಮೆರಾ ಬಹುಕಾಲ ಬೇರೆಡೆಗೆ ತಿರುಗಿತ್ತು. ನಗಾನೊದಲ್ಲಿ ಕಂಚು ಗೆದ್ದ ಶಾನನ್ ಡನ್, ಅವರ ಗೆಳತಿ ಟೀನಾ ಬ್ಯಾಸಿಚ್ ಅವರಂಥವರು 1990ರ ದಶಕದಲ್ಲೇ ತಮ್ಮ ಹೆಸರಿನ ಹಲಗೆಗಳನ್ನು ಹೊರತಂದಿದ್ದರೂ, ಕ್ಯಾಸೆಟ್ಟುಗಳಲ್ಲಿ ಒಂದು ಪಾರ್ಟ್ ಸಿಕ್ಕರೆ ಅದೇ ಹೆಚ್ಚು. ಸಿಗದವರ ತುಣುಕು ಉಳಿಯಲಿಲ್ಲ, ಉಳಿಯದ್ದು ಮುಂದಿನ ಇತಿಹಾಸ ಚಿತ್ರಗಳಲ್ಲಿ ಬರಲಿಲ್ಲ. ಲಿಯಾನ್ ಪೆಲೋಸಿ ಮುಂದಾಳತ್ವದ 2016ರ 'ಫುಲ್ ಮೂನ್' ಮತ್ತು ಜೆಸ್ ಕಿಮುರಾ ಕಟ್ಟಿದ 2018ರ 'ದಿ ಅನ್‌ಇನ್ವೈಟೆಡ್' ಈ ಲೆಕ್ಕವನ್ನು ತಿದ್ದಲು ಹೊರಟವು. ಕರೆಯದೇ ಬಂದವರು ಎಂಬರ್ಥದ ಎರಡನೆಯ ಹೆಸರಿನಲ್ಲಿರುವ ಚುಚ್ಚು ಯಾರನ್ನು ಕುರಿತದ್ದೆಂದು ವಿವರಿಸಬೇಕಿಲ್ಲ.

ಕ್ಯಾಮೆರಾ ಹೋಗದ ಕಡೆ ಏನಿತ್ತು ಎಂಬುದಕ್ಕೆ ಒಂದು ಉತ್ತರ ಟರ್ಕಿಯ ಈಶಾನ್ಯದಲ್ಲಿ, ಕಪ್ಪು ಸಮುದ್ರಕ್ಕೆ ಬೆನ್ನುಕೊಟ್ಟ ಕಚ್ಕಾರ್ ಪರ್ವತಗಳ ನಡುವಿನ ಪೆಟ್ರಾನ್ ಎಂಬ ಹಳ್ಳಿಯಲ್ಲಿ ಸಿಕ್ಕಿತು. ಅಲ್ಲಿಯವರು ಮರದ ಹಲಗೆಯ ಮೇಲೆ ನಿಂತು ಹಿಮ ಇಳಿಯುವುದು ತಮ್ಮ ಊರಿನಲ್ಲಿ ತಲತಲಾಂತರದಿಂದ ನಡೆದುಬಂದದ್ದೆಂದು ಹೇಳುತ್ತಾರೆ. ಹೊರಗಿನವರು ಅದನ್ನು ಲಾಜ್‌ಬೋರ್ಡ್ ಎಂದು ಕರೆದರು. ಅಲೆಕ್ಸ್ ಯೋಡರ್ ಮತ್ತು ನಿಕ್ ರಸೆಲ್ ಎಂಬ ಇಬ್ಬರು ಅಮೆರಿಕನ್ ಆಟಗಾರರು ಆ ಹಳ್ಳಿಗೆ ಹೋಗಿ ತಂಗಿದ್ದನ್ನು 'ಫುಟ್‌ಹಿಲ್ಸ್' ಎಂಬ ಕಿರುಚಿತ್ರ ದಾಖಲಿಸುತ್ತದೆ. ಪಾದಕ್ಕೆ ಯಾವ ಬಿಗಿಪಟ್ಟಿಯೂ ಇಲ್ಲದ ಆ ಹಲಗೆಯ ಮೇಲೆ ನಿಂತವನು ಒಂದು ಕೈಯಲ್ಲಿ ಕೋಲನ್ನು ಹಿಂದಕ್ಕೆ ಚಾಚಿ ಚುಕ್ಕಾಣಿಯಂತೆ ಹಿಡಿಯುತ್ತಾನೆ. ಇನ್ನೊಂದು ಕೈಯಲ್ಲಿ, ಮಸ್ಕೀಗನ್‌ನ ಮಕ್ಕಳು 1965ರಲ್ಲಿ ಹಿಡಿದಿದ್ದಂಥದೇ, ಹಲಗೆಯ ಮೂತಿಗೆ ಕಟ್ಟಿದ ಹಗ್ಗ.